ಬಳ್ಳಾರಿ ಜಾಲಿ: ಗುರುತಿಸುವ ಮತ್ತು ತಿಳಿಸುವ ಕ್ರಮ

ಬಯಲು ಸೀಮೆಯ ಕೆರೆಯಂಗಳ, ಗೋಮಾಳ, ಹಳ್ಳದ ದಡ ಮತ್ತು ಬೀಳು ಭೂಮಿಗಳನ್ನು ಆಕ್ರಮಿಸುತ್ತಿರುವ ಬಳ್ಳಾರಿ ಜಾಲಿಯು ಈ ದೇಶದ ಮರವಲ್ಲ. ಮೆಕ್ಸಿಕೋ, ಮಧ್ಯ ಅಮೆರಿಕಾ ಮತ್ತು ದಕ್ಷಿಣ ಅಮೆರಿಕಾದ ಉತ್ತರ ಭಾಗಗಳು ಇದರ ಮೂಲಸ್ಥಾನ. ೧೮೭೭ರಲ್ಲಿ ಜಮೈಕಾ ದ್ವೀಪದಿಂದ ತರಿಸಿದ ಬೀಜಗಳನ್ನು ಕಡಪ ಸೀಮೆಯಲ್ಲಿ ಬಿತ್ತಲಾಯಿತು. ಬರಗಾಲದಲ್ಲಿಯೂ ಹಸುರಾಗಿರುವ ಈ ಮರವು ಸೌದೆಗೆ ಒದಗುವುದೆಂದು ಜೋಧಪುರ ಸಂಸ್ಥಾನವು ೧೯೪೦ರಲ್ಲಿ ಇದಕ್ಕೆ ರಾಜಮಾನ್ಯತೆಯನ್ನೇ ಕೊಟ್ಟಿತು. ಉಪ್ಪುನೆಲದ ವಿಸ್ತರಣೆಯನ್ನು ತಡೆಯಲೆಂದು ೧೯೬೧ರಲ್ಲಿ ಕಚ್ಛದ ಹುಲ್ಲುಗಾವಲಿನಲ್ಲಿ ಇದನ್ನು ನೆಡಲಾಯಿತು. ಅದು ಹುಲ್ಲನ್ನೇ ನುಂಗಿ ಹರಡಿತು. ಅಲ್ಲಿನ ದನಗಾಹಿಗಳು ಇದನ್ನು ಹುಚ್ಚು ಜಾಲಿಯೆಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ.

ಗುರುತು

ಇದನ್ನು ಕರಿಜಾಲಿಯೊಡನೆ ಅಥವಾ ಬನ್ನಿಯೊಡನೆ ತಪ್ಪಾಗಿ ಎಣಿಸಿದಲ್ಲಿ ಉಪಯುಕ್ತವಾದ ನಾಡಮರಗಳು ಕೊಡಲಿಗೆ ತುತ್ತಾಗುವುವು. ಎಲೆಯೊಂದನ್ನೇ ನೋಡಿ ತೀರ್ಮಾನಿಸದೆ ಹೂ, ಕಾಯಿ, ಮುಳ್ಳುಗಳನ್ನೂ ಪರೀಕ್ಷಿಸತಕ್ಕದ್ದು.

ಹೂ: ಬಳ್ಳಾರಿ ಜಾಲಿಯ ಹೂಗಳು ಹಸುರು ಮಿಶ್ರಿತ ಹಳದಿ ಬಣ್ಣದ, ೨ರಿಂದ ೪ ಅಂಗುಲ ಉದ್ದದ ತೆನೆಯಂತಿರುವುವು. ಕರಿಜಾಲಿಯ ಹೂವಾದರೋ ದುಂಡಾದ ಹಳದಿ ಚೆಂಡು.

ಕಾಯಿ: ಬಳ್ಳಾರಿ ಜಾಲಿಯ ಕಾಯಿಯು ೪ರಿಂದ ೧೦ ಅಂಗುಲ ಉದ್ದವಿದ್ದು, ಮಾಗಿದಾಗ ಹಳದಿಯಾಗಿ ಸಿಹಿಯಾಗಿರುವುದು. ಕರಿಜಾಲಿಯ ಕಾಯಿಯು ಬೀಜ ಬೀಜದ ನಡುವೆ ಹಿಸುಕಿದಂತಿದ್ದು ಮಣಿಸರವನ್ನು ಹೋಲುವುದು.

ಮುಳ್ಳು: ಬಳ್ಳಾರಿ ಜಾಲಿಯಲ್ಲಿ ಮುಳ್ಳುಗಳು ಸಾಮಾನ್ಯವಾಗಿ ಗಿಣ್ಣುಗಳಲ್ಲಿ ಜೊತೆಜೊತೆಯಾಗಿರುವುವು. ವಿಜಯದಶಮಿಯಲ್ಲಿ ಪೂಜೆಗೊಳ್ಳುವ ಬನ್ನಿಯಲ್ಲಿ, ಅಂದರೆ ಶಮೀವೃಕ್ಷದಲ್ಲಿ, ಗಿಡ್ಡ ಮುಳ್ಳುಗಳು ಕೊಂಬೆಯ ಮೇಲೆ ಅಲ್ಲಲ್ಲಿ ಚದರಿರುವುವು.

ಹರಡುವ ಬಗೆ

ಸಿಹಿಯಾದ ಕಾಯಿಗಳನ್ನು ದನ, ಕುರಿ, ಮೇಕೆಗಳು ಆಸೆಯಿಂದ ತಿನ್ನುತ್ತವೆ. ಗಟ್ಟಿಯಾದ ಬೀಜವು ಜೀರ್ಣವಾಗದೆ ಸಗಣಿ ಮತ್ತು ಹಿಕ್ಕೆಯೊಡನೆ ಹೊರಬಿದ್ದು, ಗೊಬ್ಬರ ಸಹಿತವಾಗಿಯೇ ಹೊಸ ನೆಲವನ್ನು ಸೇರುವುದು. ಹಳ್ಳದ ನೀರೂ ಅದನ್ನು ದೂರಕ್ಕೆ ಒಯ್ಯುವುದು. ಬೀಜವು ಮಣ್ಣಿನಲ್ಲಿ ಅನೇಕ ವರ್ಷಗಳವರೆಗೆ ಜೀವ ಹಿಡಿದಿರಬಲ್ಲದು. ಆದುದರಿಂದ ಕಾಯಿ ಕಟ್ಟುವುದಕ್ಕೆ ಮುಂಚೆ ಕಿತ್ತ ಒಂದು ಗಿಡವು ಮುಂದಿನ ನೂರು ಗಿಡಗಳನ್ನು ಕಿತ್ತದ್ದಕ್ಕೆ ಸಮಾನ.

ನಿವಾರಣೆ

ಎಳೆಯ ಗಿಡಗಳನ್ನು ಮಳೆ ಬಿದ್ದು ನೆಲ ಹದವಾಗಿರುವಾಗ ಬೇರುಸಹಿತ ಕೀಳತಕ್ಕದ್ದು. ಬೆಳೆದ ಮರವನ್ನು ನೆಲದ ಮೇಲೆ ಕಡಿದು ಬಿಟ್ಟರೆ ಬುಡದಿಂದ ಹಲವು ಚಿಗುರುಗಳೆದ್ದು ಒಂದು ಮರವಿದ್ದೆಡೆ ಮುಳ್ಳಿನ ಮೆಳೆಯಾಗುವುದು. ಬುಡವನ್ನು ಸುಮಾರು ಒಂದು ಅಡಿ ಆಳ ಅಗೆದು, ಚಿಗುರೊಡೆಯುವ ಭಾಗವನ್ನು ಪೂರ್ಣವಾಗಿ ತೆಗೆಯಬೇಕು. ಕಾಯಿಯನ್ನು ಮೇವಾಗಿ ಬಳಸುವವರು ಬೀಜ ಪುಡಿಯಾಗುವಂತೆ ಬೀಸಿ, ಬೇರೆ ಮೇವಿನೊಡನೆ ಮಿತವಾಗಿ ಕೊಡಬೇಕು. ಕಾಯಿ ತಿಂದ ಮಂದೆಯನ್ನು ಒಂದು ವಾರ ಹಟ್ಟಿಯಲ್ಲಿರಿಸಿದ ಮೇಲೆ ಶುದ್ಧವಾದ ಹೊಲಗಳಿಗೆ ಬಿಡುವುದು ಉತ್ತಮ. ತೆರವಾದ ನೆಲವನ್ನು ಬರಿದಾಗಿ ಬಿಡದೆ ಹುಲ್ಲಿನ ಬೀಜವನ್ನು ಬಿತ್ತಿ, ಅಂಚಿನಲ್ಲಿ ಹೊಂಗೆ, ಬೇವುಗಳನ್ನು ನೆಟ್ಟು, ಪ್ರತಿ ಮಳೆಗಾಲದ ತರುವಾಯ ಹೊಸ ಮೊಳಕೆಗಳನ್ನು ಹುಡುಕಿ ಕೀಳಬೇಕು.

ತಿಳಿಸತಕ್ಕ ಸಂಗತಿಗಳು

ಸ್ವಂತ ಹಿಡುವಳಿಯ ಗಿಡಗಳನ್ನು ರೈತನೇ ಕೀಳಬಹುದು. ಕೆರೆ, ಗೋಮಾಳ ಮೊದಲಾದ ಸಾರ್ವಜನಿಕ ಭೂಮಿಯಲ್ಲಿ ಕಂಡುಬಂದರೆ ಗ್ರಾಮ ಪಂಚಾಯಿತಿಗೂ ರೈತ ಸಂಪರ್ಕ ಕೇಂದ್ರಕ್ಕೂ, ಅರಣ್ಯದ ಅಂಚಿನಲ್ಲಿ ಕಂಡರೆ ಅರಣ್ಯ ಇಲಾಖೆಗೂ ಬರೆದು ತಿಳಿಸತಕ್ಕದ್ದು. ಅನುಮತಿಯಿಲ್ಲದೆ ಅಲ್ಲಿ ಮರ ಕಡಿಯಬಾರದು. ಪತ್ರದಲ್ಲಿ ಈ ಅಂಶಗಳಿರಬೇಕು:

೧. ಸರ್ವೆ ನಂಬರು ಮತ್ತು ನೆಲದ ಬಗೆ.
೨. ಗಿಡಗಳು ಹಬ್ಬಿರುವ ವಿಸ್ತೀರ್ಣ, ಎಕರೆ ಗುಂಟೆಗಳಲ್ಲಿ.
೩. ಎಳೆಯವೋ, ಕಾಯಿ ಬಿಡುವಷ್ಟು ಬೆಳೆದವೋ ಎಂಬುದು.
೪. ಸಮೀಪದ ಹಳ್ಳ, ಕಾಲುವೆ, ಕುರಿಹಟ್ಟಿಗಳ ದೂರ.
೫. ಅಲ್ಲಿನ ಸೌದೆ ಅಥವಾ ಇದ್ದಿಲಿನಿಂದ ಜೀವನ ಸಾಗಿಸುವ ಕುಟುಂಬಗಳೆಷ್ಟು ಎಂಬುದು.

ಹೂ ಅಥವಾ ಕಾಯಿಯಿರುವ ಒಂದು ಕೊಂಬೆಯನ್ನಾಗಲಿ ಅದರ ಛಾಯಾಚಿತ್ರವನ್ನಾಗಲಿ ಜೊತೆಗಿಟ್ಟರೆ ಸಂದೇಹವುಳಿಯದು.

ಐದನೆಯ ಅಂಶವನ್ನು ಬಿಡಬಾರದು. ಈ ಮರವು ಒಳ್ಳೆಯ ಸೌದೆಯನ್ನೂ ಇದ್ದಿಲನ್ನೂ ಕೊಡುವುದರಿಂದ ಅನೇಕ ಬಡವರ ಒಲೆಯು ಇದನ್ನೇ ನೆಚ್ಚಿಕೊಂಡಿದೆ. ತೆರವಿನ ಕೂಲಿಯೂ ಕಡಿದ ಸೌದೆಯೂ ಮೊದಲು ಅವರಿಗೆ ದೊರೆಯುವಂತೆ ಗ್ರಾಮದ ಮುಖ್ಯಸ್ಥರು ಏರ್ಪಡಿಸಿದಲ್ಲಿ, ಗೋಮಾಳವು ದನಕರುಗಳಿಗೆ ಮರಳುವುದಲ್ಲದೆ, ಕೆಲಸಕ್ಕೆ ಊರಿನಲ್ಲಿ ವಿರೋಧವೂ ಇರಲಾರದು.