ಮನೇಲಿರೋದು ಅಂದ್ರೆ ಸುಮ್ನಿರೋದಾ?

‘ಈಗ ಏನ್ ಮಾಡ್ತಾ ಇದ್ದೀರಿ?’ ಭಾನುವಾರದ ಪೂಜೆ ಮುಗಿದು ಚರ್ಚ್ ಅಂಗಳದಲ್ಲಿ ಸಿಕ್ಕವರು ಕೇಳುತ್ತಾರೆ. ‘ಏನಿಲ್ಲ, ಮನೇಲೇ ಇದ್ದೀನಿ’ ಎಂದು ಸಣ್ಣ ದನಿಯಲ್ಲಿ ಹೇಳಿ ಜಾರಿಕೊಳ್ಳುವವರೇ ಹೆಚ್ಚು. ಬೆಳಗ್ಗೆ ಐದೂವರೆಗೆ ಎದ್ದು ರಾತ್ರಿ ಹತ್ತಕ್ಕೆ ಅಡುಗೆಮನೆ ದೀಪ ಆರಿಸುವವಳು ‘ಏನಿಲ್ಲ’ ಅನ್ನಬೇಕೇಕೆ?

ಮಕ್ಕಳು, ಮನೆ, ಪ್ರಾರ್ಥನೆ ಎಂದು ಇಷ್ಟಪಟ್ಟು ಮನೆಯಲ್ಲೇ ಉಳಿದ ಕೆಥೊಲಿಕ್ ಗೃಹಿಣಿಯರು ಮಂಗಳೂರಿನಲ್ಲೂ ಇದ್ದಾರೆ, ಬೆಂಗಳೂರಿನ ಫ್ಲಾಟುಗಳಲ್ಲೂ ಇದ್ದಾರೆ. ನಾನೂ ಅವರಲ್ಲೊಬ್ಬಳು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಮನೆಯನ್ನು ತಾನೇ ಆರಿಸಿಕೊಳ್ಳುವುದು ಬೇರೆ, ‘ಅವರು ಹೇಳಿದ ಹಾಗೆ’ ಎಂದು ಮೂಲೆ ಸೇರುವುದು ಬೇರೆ. ಎರಡನ್ನೂ ಸಂಪ್ರದಾಯ ಎಂದು ಕರೆದರೆ ತಪ್ಪಾಗುತ್ತದೆ.

ಸಂಪ್ರದಾಯ ಹೇಳೋದೇನು?

ನಮ್ಮ ಮದುವೆಯ ಪ್ರತಿಜ್ಞೆ ನೆನಪಿಸಿಕೊಳ್ಳಿ. ಗಂಡು ಹೇಳಿದ್ದನ್ನೇ ಹೆಣ್ಣೂ ಹೇಳುತ್ತಾಳೆ. ಹೆಂಡತಿ ಮಾತ್ರ ವಿಧೇಯಳಾಗಿರಬೇಕು ಎಂಬ ಮಾತು ಅದರಲ್ಲಿಲ್ಲ. ಸಂತ ಪೌಲರು ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯವನ್ನು ಹೆಂಡತಿಗೆ ಬುದ್ಧಿ ಹೇಳಲು ಬಳಸುವವರು 22ನೇ ವಚನದಿಂದ ಶುರು ಮಾಡುತ್ತಾರೆ. ಒಬ್ಬರಿಗೊಬ್ಬರು ತಗ್ಗಿ ನಡೆಯಬೇಕು ಎನ್ನುವ 21ನೇ ವಚನವನ್ನೂ ಓದಬೇಕಲ್ಲವೇ? ಈ ತಗ್ಗುವಿಕೆ ಇಬ್ಬರಿಗೂ ಸೇರಿದ್ದು ಎಂದು ಎರಡನೇ ಜಾನ್ ಪಾಲ್ ಪೋಪ್ 1988ರಲ್ಲೇ ಬರೆದಿದ್ದಾರೆ.

‘ಲಿಟ್ಲ್ ಫ್ಲವರ್’ ಎಂದೇ ನಮಗೆ ಪರಿಚಿತರಾದ ಸಂತ ತೆರೇಸಾ ಅವರ ತಾಯಿ ಜೆಲಿ ಮಾರ್ಟಿನ್ ಒಂಬತ್ತು ಮಕ್ಕಳನ್ನು ಹೆತ್ತರು, ಅವರಲ್ಲಿ ನಾಲ್ವರನ್ನು ಎಳವೆಯಲ್ಲೇ ಕಳೆದುಕೊಂಡರು. ಫ್ರಾನ್ಸಿನ ಅಲಾನ್ಸೋನ್‌ನಲ್ಲಿ ಲೇಸ್ ವ್ಯಾಪಾರವನ್ನೂ ನಡೆಸಿದರು. 1870ರಲ್ಲಿ ಗಂಡ ಲೂಯಿ ತಮ್ಮ ಗಡಿಯಾರದ ಅಂಗಡಿ ಬಿಟ್ಟುಕೊಟ್ಟು ಹೆಂಡತಿಯ ವ್ಯಾಪಾರಕ್ಕೆ ಕೈಜೋಡಿಸಿದರು! 2015ರಲ್ಲಿ ಇಬ್ಬರನ್ನೂ ಒಟ್ಟಿಗೇ ಸಂತರೆಂದು ಸಾರಲಾಯಿತು.

ಹಬ್ಬಗಳೇ ಟೈಂ ಟೇಬಲ್

ಆಫೀಸಿಲ್ಲದ ದಿನಗಳು ಒಂದೇ ಥರ ಅನ್ನಿಸಿ ಬೇಸರ ಬರುವುದುಂಟು. ಅದಕ್ಕೆ ಮದ್ದು ನಮ್ಮ ಕ್ಯಾಲೆಂಡರಿನಲ್ಲೇ ಇದೆ. ತಪಸ್ಸಿನ ಕಾಲದ ಶುಕ್ರವಾರ ಮಾಂಸವಿಲ್ಲ. ಅಡುಗೆ ಹಗುರ, ಉಳಿದ ಹಣ ಬಡವರಿಗೆ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೆ ಮುಂಚೆ ಒಂಬತ್ತು ದಿನ ಮಕ್ಕಳಿಂದಲೇ ಹೂ ಕೊಯ್ಯಿಸಿ. ಹಬ್ಬದ ದಿನ ಆಶೀರ್ವದಿಸಿದ ಹೊಸ ತೆನೆಯ ಅಕ್ಕಿಯನ್ನು ಹಾಲಲ್ಲಿ ಬೆರೆಸಿ ಕೊಡುವಾಗ ಅದರ ಅರ್ಥ ಹೇಳಿ. ಡಿಸೆಂಬರ್‌ನಲ್ಲಿ ಕುಸ್ವಾರ್‌ಗೆ ಒಬ್ಬರೇ ಬೆನ್ನು ಮುರಿದುಕೊಳ್ಳಬೇಡಿ. ನೆವ್ರಿಗೆ ಹೂರಣ ತುಂಬಲು ಯಜಮಾನರು, ಕಿಡಿಯೊ ಒತ್ತಲು ಮಕ್ಕಳು. ಪುಟಾಣಿಗಳಿಗೆ ಫೋರ್ಕ್ ಕೊಟ್ಟು ನೋಡಿ, ಟಿ.ವಿ. ಮರೆತೇಬಿಡ್ತಾರೆ.

ಪರ್ಸ್ ಖಾಲಿ ಇರಬಾರದು

ನನ್ನ ಪರಿಚಯದ ಒಬ್ಬಾಕೆ ಎರಡನೇ ಮಗುವಾದ ಮೇಲೆ ಒಳ್ಳೆಯ ಕೆಲಸ ಬಿಟ್ಟರು. ವರ್ಷದೊಳಗೆ ಆಟೊ ಚಾರ್ಜಿಗೂ ಗಂಡನ ಮುಂದೆ ಕೈ ಚಾಚುವಂತಾಯಿತು. ಗಂಡ ಕೆಟ್ಟವರೇನಲ್ಲ, ‘ಕೇಳಿದ್ರೆ ಕೊಡ್ತೀನಲ್ಲ’ ಅನ್ನುವವರು. ಕೇಳಬೇಕಾಗಿ ಬಂದದ್ದೇ ಆಕೆಯ ನೋವು. ಕೊನೆಗೆ ಇಬ್ಬರೂ ಕೂತು ಮಾತಾಡಿ ಜಂಟಿ ಖಾತೆ ತೆರೆದರು.

ಕಾನೂನೂ ಸ್ವಲ್ಪ ತಿಳಿದಿರಲಿ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಕ್ರೈಸ್ತ ಗಂಡ ಉಯಿಲು ಬರೆಯದೆ ತೀರಿಕೊಂಡರೆ ಹೆಂಡತಿಗೆ ಆಸ್ತಿಯ ಮೂರನೇ ಒಂದು ಪಾಲು, ಉಳಿದದ್ದು ಮಕ್ಕಳಿಗೆ. ಗಂಡು, ಹೆಣ್ಣು ಎಂಬ ಭೇದವಿಲ್ಲ. ಆದರೆ ಉಯಿಲಿನಲ್ಲಿ ಬೇರೆಯವರಿಗೆ ಬರೆದಿಟ್ಟರೆ ಈ ಪಾಲಿನ ಭರವಸೆ ಇರುವುದಿಲ್ಲ. ಹಾಗಾಗಿ ‘ಕಾಗದಪತ್ರ ಎಲ್ಲಾ ಅವರೇ ನೋಡ್ಕೋತಾರೆ’ ಎಂದು ಬಿಡಬೇಡಿ. ಮನೆವಾರ್ತೆಗೆ ಬೆಲೆಯಿಲ್ಲ ಅನ್ನುವವರಿಗೂ ಒಂದು ಮಾತು: ಗೃಹಿಣಿ ಅಪಘಾತದಲ್ಲಿ ತೀರಿಕೊಂಡಾಗ ಆಕೆಯ ಮನೆಗೆಲಸಕ್ಕೂ ಆದಾಯ ಲೆಕ್ಕ ಹಾಕಿ ಪರಿಹಾರ ಕೊಡಬೇಕೆಂದು 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಹೀಗೆ ಮಾಡಿ ನೋಡಿ

* ಕೆಲಸ ಬಿಡುವ ಮುನ್ನ ಗಂಡನೊಂದಿಗೆ ಕೂತು ಮನೆ ಖರ್ಚು, ಸಾಲ, ಉಳಿತಾಯದ ಲೆಕ್ಕ ಹಾಕಿ. ಅತ್ತೆ, ಅಮ್ಮನ ಸಲಹೆ ಕೇಳಿ, ತೀರ್ಮಾನ ನಿಮ್ಮಿಬ್ಬರದೇ ಇರಲಿ.
* ಮನೆ, ವಿಮೆ, ಬ್ಯಾಂಕ್ ಖಾತೆಗಳಲ್ಲಿ ನಿಮ್ಮ ಹೆಸರು ಎಲ್ಲಿದೆ ಎಂದು ನೋಡಿ. ನಾಮಿನಿ ಆದ ಮಾತ್ರಕ್ಕೆ ಹಣ ನಿಮ್ಮದೇ ಎಂದಲ್ಲ.
* ನಿಮ್ಮದೇ ಹೆಸರಲ್ಲಿ ಒಂದು ಖಾತೆ ಇರಲಿ. ತಿಂಗಳಿಗೆ ಸ್ವಲ್ಪವಾದರೂ ಹಾಕಿ.
* ದಿನಕ್ಕೆ ಅರ್ಧ ಗಂಟೆ ನಿಮಗಾಗಿ ಇಟ್ಟುಕೊಳ್ಳಿ. ಬೈಬಲ್, ಹೊಲಿಗೆ, ವಾಕಿಂಗ್, ಏನಾದರೂ ಸರಿ.
* ಮನೆಯಲ್ಲಿ ಹೊಡೆತ, ಬೈಗುಳ ಇದ್ದರೆ ಅದನ್ನು ಶಿಲುಬೆ ಎಂದು ಸಹಿಸಬೇಡಿ. ತವರಿಗೆ, ನಂಬಿಕೆಯ ಫಾದರ್‌ಗೆ ತಿಳಿಸಿ. ಮಹಿಳಾ ಸಹಾಯವಾಣಿ 181ಕ್ಕೂ ಕರೆ ಮಾಡಬಹುದು.
* ಸಂಜೆಯ ತೇರ್ಸ್‌ಗೆ ಎಲ್ಲರೂ ಒಟ್ಟಿಗೇ ಮೊಣಕಾಲೂರುತ್ತೀರಲ್ಲ? ಊಟವಾದ ಮೇಲೆ ತಟ್ಟೆ ಎತ್ತೋದಕ್ಕೂ ಎಲ್ಲರೂ ಒಟ್ಟಿಗೇ ಏಳಲಿ!