ನಡುವೇಗದಲ್ಲಿ ಯಂತ್ರದ ಬಲ

ಹರಿಗೋಲು ಹಾಕುವಷ್ಟು ನೀರು ನಮ್ಮ ಹಗರಿಯಲ್ಲಿ ಬರುವುದೇ ಅಪರೂಪ. ಅಂತಹ ನಾಡಿನಲ್ಲಿ ಕುಳಿತು ಜೆಟ್ ದೋಣಿಯ ಎಂಜಿನ್ನಿನ ವಿಚಾರವನ್ನು ಹೇಳಹೊರಟರೆ ವಾಚಕರು ನಕ್ಕಾರು. ಆದರೆ ಜೆಟ್ ದೋಣಿಯೆಂಬುದು ತೇಲುವ ಪಂಪುಸೆಟ್ಟಲ್ಲದೆ ಬೇರೆಯಲ್ಲ. ಅದರ ಮರ್ಮವನ್ನು ಅರಿತವನು ರಾಯದುರ್ಗದ ಹೊಲದಲ್ಲಾಗಲಿ ಮಡಕಶಿರಾದ ತೋಟದಲ್ಲಾಗಲಿ ಡೀಸೆಲ್ ಎಂಜಿನ್ನಿನಿಂದ ಹೆಚ್ಚು ಕೆಲಸವನ್ನು ಪಡೆಯಬಲ್ಲನು.

ನ್ಯೂಜಿಲೆಂಡಿನ ವಿಲಿಯಂ ಹ್ಯಾಮಿಲ್ಟನ್ ಎಂಬಾತನು ತನ್ನ ಸೀಮೆಯ ಆಳವಿಲ್ಲದ, ಕಲ್ಲುಗಳಿಂದ ತುಂಬಿದ ನದಿಗಳಲ್ಲಿ ಸಂಚರಿಸಲು 1950ರ ದಶಕದಲ್ಲಿ ಈ ದೋಣಿಯನ್ನು ರೂಢಿಗೆ ತಂದನು. ಸಾಮಾನ್ಯ ಮೋಟಾರು ದೋಣಿಗೆ ನೀರಿನೊಳಗೆ ತಿರುಗುವ ರೆಕ್ಕೆಯುಂಟು. ಕಲ್ಲಿಗೆ ತಗುಲಿದರೆ ಅದು ಮುರಿಯುವುದು. ಹ್ಯಾಮಿಲ್ಟನ್ನನ ದೋಣಿಯಲ್ಲಿ ಪಂಪು ಒಳಗಿದ್ದು, ತಳದಿಂದ ನೀರನ್ನು ಹೀರಿ ಹಿಂಬದಿಯ ಕಿರಿದಾದ ಬಾಯಿಯಿಂದ ರಭಸವಾಗಿ ಉಗುಳುತ್ತದೆ. ನೀರು ಹಿಂದಕ್ಕೆ ಹೋದಂತೆ ದೋಣಿ ಮುಂದಕ್ಕೆ ಹೋಗುತ್ತದೆ. ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿಯವರು 1977ರಲ್ಲಿ ಇಂತಹ ದೋಣಿಗಳಲ್ಲಿಯೇ ಗಂಗಾಸಾಗರದಿಂದ ಹೊರಟು, ಪ್ರವಾಹಕ್ಕೆದುರಾಗಿ ಹಿಮಾಲಯದ ನಂದಪ್ರಯಾಗದ ಸಮೀಪದವರೆಗೆ ಹೋದರು. ಅಲ್ಲಿ ಜಲಪಾತವೊಂದು ಅಡ್ಡವಾಯಿತು.

ಈಗ ನಮ್ಮ ಹೊಲಕ್ಕೆ ಬರೋಣ. ವರ್ಷಕ್ಕೆ ಸುಮಾರು 550 ಮಿಲಿಮೀಟರು ಮಳೆ ಬೀಳುವ ಸೀಮೆಯಿದು; ಆ ಮಳೆಯೂ ಬೇಕಾದಾಗ ಬೀಳುವುದಿಲ್ಲ. ಕಡಲೆಕಾಯಿ ಕಾಯಿಕಟ್ಟುವ ಹೊತ್ತಿನಲ್ಲಿ ಮೂರು ವಾರ ಮಳೆ ತಪ್ಪಿದರೆ ಬೀಜ ಗೊಬ್ಬರಗಳ ಸಾಲವೊಂದೇ ಮನೆಗೆ ಬರುವ ಫಸಲು. 2016ರ ಮುಂಗಾರಿನಲ್ಲಿ ಅನಂತಪುರ ಜಿಲ್ಲೆಯ ಬೆಳೆ ಬಾಡತೊಡಗಿದಾಗ ಸರ್ಕಾರವು ರೇನ್‌ಗನ್‌ಗಳನ್ನೂ ಎಂಜಿನ್ನುಗಳನ್ನೂ ಹಳ್ಳಿಗಳಿಗೆ ಕಳುಹಿಸಿತು. ಕೃಷಿಹೊಂಡದ ದಡದಲ್ಲಿ ಎಂಜಿನ್ನು, ಅದಕ್ಕೆ ಪಂಪು, ಪಂಪಿಗೆ ಪೈಪು, ಪೈಪಿನ ತುದಿಯಲ್ಲಿ ನೀರು ಚಿಮ್ಮುವ ಬಾಯಿ: ಇದಕ್ಕೂ ಜೆಟ್ ದೋಣಿಗೂ ಇರುವ ಭೇದವೆಂದರೆ ಇದು ನಿಂತಲ್ಲಿಯೇ ನಿಂತಿರುತ್ತದೆ, ಅಷ್ಟೆ.

ಎಂಜಿನ್ನಿನ ಬೆಲೆಯನ್ನು ಕೇಳುವವರು ಮೊದಲು ಕೇಳುವುದು ಅಶ್ವಶಕ್ತಿಯನ್ನು. ಆದರೆ ದಂಡವನ್ನು ತಿರುಚುವ ಬಲವು ಬೇರೊಂದು. ಮೆಕ್ಯಾನಿಕರು ಅದನ್ನು ಟಾರ್ಕ್ ಎನ್ನುತ್ತಾರೆ. 5 ಅಶ್ವಶಕ್ತಿಯನ್ನು ನಿಮಿಷಕ್ಕೆ 1500 ಸುತ್ತಿನಲ್ಲಿ ಕೊಡುವ ಎಂಜಿನ್ನಿನ ಟಾರ್ಕ್, ಒಂದು ಮೀಟರು ಉದ್ದದ ಕೋಲಿನ ತುದಿಗೆ ಸುಮಾರು 2.4 ಕಿಲೋಗ್ರಾಂ ತೂಕವನ್ನು ತೂಗಿಬಿಟ್ಟಷ್ಟು. ಅದೇ 5 ಅಶ್ವಶಕ್ತಿಯನ್ನು 650 ಸುತ್ತಿನಲ್ಲಿ ಕೊಡುವ ಹಳೆಯ ಕಾಲದ ಭಾರವಾದ ಎಂಜಿನ್ನಿಗೆ ಆ ತೂಕ 5.5 ಕಿಲೋ. ದೊಡ್ಡ ಫ್ಲೈವೀಲಿನ ಆ ಎಂಜಿನ್ನುಗಳನ್ನು ಕಂಡ ಹಿರಿಯರು ‘ಆಗಿನ ಎಂಜಿನ್ನಿನ ಎಳೆತವೇ ಬೇರೆ’ ಎನ್ನುವುದು ಬರಿಯ ಹಳಮೆಯ ಮೋಹವಲ್ಲ. ಲೆಕ್ಕವೂ ಹಾಗೆಯೇ ಹೇಳುತ್ತದೆ.

ಒಂದು ಎಂಜಿನ್ನಿನ ಟಾರ್ಕ್ ಎಲ್ಲ ವೇಗಗಳಲ್ಲಿಯೂ ಒಂದೇ ಸಮನಾಗಿರುವುದಿಲ್ಲ. ಎಂಜಿನ್ನು ಉಸಿರಾಡುವ ಪ್ರಾಣಿಯಂತೆ. 1500 ಸುತ್ತಿನ ವೇಗದಲ್ಲಿ ಪಿಸ್ಟನ್ನು ಕೆಳಕ್ಕಿಳಿದು ಗಾಳಿಯನ್ನು ಎಳೆದುಕೊಳ್ಳುವುದಕ್ಕೆ ದೊರೆಯುವ ಕಾಲ ಒಂದು ಸೆಕೆಂಡಿನ ಐವತ್ತನೆಯ ಒಂದು ಪಾಲು ಮಾತ್ರ. ವೇಗ ಹೆಚ್ಚಿದಂತೆಲ್ಲ ಸಿಲಿಂಡರು ಅರೆಹೊಟ್ಟೆಯಲ್ಲಿಯೇ ಉಳಿಯುತ್ತದೆ. ತೀರ ನಿಧಾನವಾದರೂ ಕಷ್ಟವೇ: ಒಳವಾಲ್ವು ತಡವಾಗಿ ಮುಚ್ಚುವುದರಿಂದ ಒಳಗೆ ಬಂದ ಗಾಳಿಯಲ್ಲಿ ಸ್ವಲ್ಪ ಹಿಂದಕ್ಕೆ ಹೋಗುತ್ತದೆ, ಶಾಖವೂ ಸಿಲಿಂಡರಿನ ಗೋಡೆಗೆ ಹೆಚ್ಚು ಸೋರಿಹೋಗುತ್ತದೆ. ಹೊಟ್ಟೆ ತುಂಬ ಉಸಿರೆಳೆಯುವುದು ನಡುವೇಗದಲ್ಲಿ. ದೋಣಿಯ ಓಟದ ಹವ್ಯಾಸಿಗಳು ಈ ನಡುವೇಗದ ಬಲವನ್ನು ಹೆಚ್ಚಿಸಲು ವಾಲ್ವು ಬೇಗ ಮುಚ್ಚುವ ಕ್ಯಾಮ್ ದಂಡವನ್ನು ಹಾಕುತ್ತಾರೆ, ಗಾಳಿಯ ಕೊಳವೆಯನ್ನು ಉದ್ದ ಮಾಡುತ್ತಾರೆ. ರೈತನಿಗೆ ಇದಾವುದೂ ಬೇಡ. ಧೂಳು ಹಿಡಿದ ಏರ್ ಕ್ಲೀನರನ್ನು ಶುಚಿ ಮಾಡುವುದು, ಮಸಿ ಕಟ್ಟಿದ ಸೈಲೆನ್ಸರನ್ನು ಬಿಡಿಸುವುದು, ಟ್ಯಾಪೆಟ್ಟಿನ ಸಂದನ್ನು ಸರಿಪಡಿಸುವುದು, ಸವೆದ ಪಿಸ್ಟನ್ ರಿಂಗುಗಳನ್ನು ಬದಲಿಸುವುದು, ಇಷ್ಟರಿಂದಲೇ ಕಳೆದುಹೋದ ಬಲದ ಬಹುಪಾಲು ಮರಳಿ ಬರುತ್ತದೆ. ನಮ್ಮ ಕಡೆಯ ಬೇಸಗೆಯ ಧೂಳನ್ನು ಬಲ್ಲವರಿಗೆ ಏರ್ ಕ್ಲೀನರಿನ ಮಾತನ್ನು ಎರಡು ಸಲ ಹೇಳಬೇಕಾಗಿಲ್ಲ.

ಆದರೆ ಎಂಜಿನ್ನಿನಲ್ಲಿ ಬಲವಿದ್ದರೆ ಸಾಲದು; ಪಂಪು ಅದನ್ನು ಕೇಳಿ ಪಡೆಯಬೇಕು. ಮುಖ್ಯವಾದ ಸಂಗತಿ ಇಲ್ಲಿದೆ. ಇಂತಹ ಪಂಪಿನ ವೇಗವನ್ನು ಅರ್ಧ ಮಾಡಿದರೆ ಅದು ಕೇಳುವ ಟಾರ್ಕ್ ಕಾಲುಭಾಗವಾಗುತ್ತದೆ, ಅಶ್ವಶಕ್ತಿ ಎಂಟನೆಯ ಒಂದು ಭಾಗವಾಗುತ್ತದೆ. ವೇಗವನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಸಿದರೆ ಬೇಕಾಗುವ ಅಶ್ವಶಕ್ತಿ ನೂರಕ್ಕೆ ಮೂವತ್ತಮೂರರಷ್ಟು ಏರುತ್ತದೆ. ಆಳವಾದ ಬಾವಿಯಿಂದ ನೀರೆತ್ತುವಾಗ ಈ ಲೆಕ್ಕ ಸ್ವಲ್ಪ ಬದಲಾಗುವುದು, ಏಕೆಂದರೆ ಒಂದು ವೇಗಕ್ಕಿಂತ ಕೆಳಗೆ ನೀರು ಮೇಲಕ್ಕೇ ಬರುವುದಿಲ್ಲ. ಹೊಂಡದ ದಡದ ರೇನ್‌ಗನ್ನಿಗೂ ಜೆಟ್ ದೋಣಿಗೂ ಇದು ಬಹುಮಟ್ಟಿಗೆ ಸರಿಹೊಂದುತ್ತದೆ. ಆದುದರಿಂದ ಎಂಜಿನ್ನಿಗೂ ಪಂಪಿಗೂ ನೇರವಾಗಿ ಜೋಡಣೆಯಿದ್ದರೆ, ನಡುವೇಗದಲ್ಲಿ ಎಂಜಿನ್ನಿನ ಕೈಯಲ್ಲಿ ಬಲವಿದ್ದರೂ ಪಂಪು ಅದನ್ನು ಕೇಳುವುದೇ ಇಲ್ಲ. ದೋಣಿಯವರು ದೊಡ್ಡ ಇಂಪೆಲ್ಲರನ್ನು ಹಾಕಿ, ಕಡಿಮೆ ವೇಗದಲ್ಲಿಯೇ ಹೆಚ್ಚು ಭಾರ ಬೀಳುವಂತೆ ಮಾಡುತ್ತಾರೆ. ನಮಗೆ ಅದಕ್ಕಿಂತ ಸುಲಭವಾದ ಉಪಾಯವೊಂದುಂಟು: ಪುಲ್ಲಿ ಮತ್ತು ಬೆಲ್ಟು.

ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಲಿ. ಪಂಪು 1500 ಸುತ್ತು ತಿರುಗಬೇಕು, ಅದಕ್ಕೆ 3.5 ಅಶ್ವಶಕ್ತಿ ಬೇಕು ಎನ್ನೋಣ. ಎಂಜಿನ್ನಿಗೆ 5 ಅಂಗುಲದ ಪುಲ್ಲಿಯನ್ನೂ ಪಂಪಿಗೆ 4 ಅಂಗುಲದ ಪುಲ್ಲಿಯನ್ನೂ ಹಾಕಿದರೆ, ಬೆಲ್ಟು ಜಾರದಿದ್ದಲ್ಲಿ, ಎಂಜಿನ್ನು 1200 ಸುತ್ತು ತಿರುಗಿದರೆ ಸಾಕು. ಆ ವೇಗದಲ್ಲಿ ಮೇಲೆ ಹೇಳಿದ 2.4 ಕಿಲೋದ ಟಾರ್ಕ್ ಉಳಿದಿದ್ದರೆ ಎಂಜಿನ್ನು ಸುಮಾರು 4 ಅಶ್ವಶಕ್ತಿಯನ್ನು ಕೊಡುವುದು. ಬೇಕಾದದ್ದು 3.5, ಕೆಲಸ ನಡೆಯಿತು. ಸದ್ದು ಕಡಿಮೆ, ಸವೆತ ಕಡಿಮೆ, ಸಾಮಾನ್ಯವಾಗಿ ಡೀಸೆಲ್ಲೂ ಕಡಿಮೆ. ಆದರೆ ಅದೇ ಪಂಪಿಗೆ 4.5 ಅಶ್ವಶಕ್ತಿ ಬೇಕಾಗಿದ್ದರೆ ಈ ಜೋಡಣೆ ನಿಲ್ಲದು. ಎಂಜಿನ್ನು ಏದುತ್ತದೆ, ಕಪ್ಪು ಹೊಗೆ ಕಾರುತ್ತದೆ. ಪುಲ್ಲಿಯು ಟಾರ್ಕನ್ನು ಹೆಚ್ಚಿಸಬಲ್ಲುದೇ ಹೊರತು ಅಶ್ವಶಕ್ತಿಯನ್ನು ಹುಟ್ಟಿಸಲಾರದು. ಆಗ ರೇನ್‌ಗನ್ನಿನ ಬಾಯಿಗೆ ಕಿರಿದಾದ ನಾಜಲನ್ನು ಹಾಕಿ ಭಾರವನ್ನು ಇಳಿಸಬೇಕು, ಇಲ್ಲವೆ 1500 ಸುತ್ತಿಗೇ ಮರಳಬೇಕು.

ಇಷ್ಟನ್ನು ನೋಡದೆಯೇ 8 ಅಶ್ವಶಕ್ತಿಯ ಹೊಸ ಎಂಜಿನ್ನಿಗೆ ಸಾಲ ಮಾಡುವವರುಂಟು. ಅದಕ್ಕಿಂತಲೂ ಕೆಟ್ಟದ್ದು, ಗವರ್ನರಿನ ಸ್ಪ್ರಿಂಗನ್ನು ಬಿಗಿಮಾಡಿ ಎಂಜಿನ್ನನ್ನು ಅದರ ಮಿತಿಗೆ ಮೀರಿ ಓಡಿಸುವುದು. ಬೀಡುಕಬ್ಬಿಣದ ಫ್ಲೈವೀಲಿನೊಳಗಿನ ಸೆಳೆತವು ವೇಗದ ವರ್ಗದಂತೆ ಏರುತ್ತದೆ. ಅದು ಸಿಡಿದರೆ ಪಕ್ಕದಲ್ಲಿ ನಿಂತ ಮನುಷ್ಯನು ಉಳಿಯುವುದು ಕಷ್ಟ. ಬೆಲ್ಟಿನ ಹತ್ತಿರ ಪಂಚೆಯ ಅಂಚು, ಸೀರೆಯ ಸೆರಗು, ಮಕ್ಕಳ ಕೈ, ಇವು ಬಾರದಂತೆ ತಂತಿಯ ಬಲೆಯನ್ನು ಕಟ್ಟಿದ ಮೇಲೆಯೇ ಎಂಜಿನ್ನನ್ನು ಹಚ್ಚಬೇಕು.

ಪುಲ್ಲಿಯನ್ನು ಬದಲಿಸುವ ಮುನ್ನ ಒಂದು ದಿನ, ಬದಲಿಸಿದ ಮೇಲೆ ಒಂದು ದಿನ, ಗಾಳಿಯಿಲ್ಲದ ಮುಂಜಾನೆಯಲ್ಲಿ ನೀರು ಎಷ್ಟು ಹೆಜ್ಜೆ ದೂರಕ್ಕೆ ಬೀಳುವುದೆಂಬುದನ್ನು ಅಳೆದಿಡಿರಿ. ಟ್ಯಾಂಕಿಗೆ ಒಂದು ಲೀಟರು ಡೀಸೆಲ್ ಹಾಕಿ, ಅದು ಎಷ್ಟು ನಿಮಿಷ ನಡೆಯಿತೆಂಬುದನ್ನೂ ಬರೆದಿಡಿರಿ. ಮನೆಯಲ್ಲಿ ಎಂಟನೆಯ ತರಗತಿಯ ಹುಡುಗನೋ ಹುಡುಗಿಯೋ ಇದ್ದರೆ ಈ ಲೆಕ್ಕದ ಪುಸ್ತಕವನ್ನು ಅವರ ಕೈಗೇ ಕೊಡಬಹುದು.