ಗಡಿ ಮುಚ್ಚಿದರೆ ಕಾಸರಗೋಡು ಎಷ್ಟು ದಿನ ತಡೆದೀತು?

2020ರ ಮಾರ್ಚ್ ತಿಂಗಳ ಕೊನೆಯ ವಾರವನ್ನು ಗಡಿನಾಡಿನ ಜನ ಮರೆತಿಲ್ಲ. ಕೋವಿಡ್ ಹರಡದಂತೆ ಕರ್ನಾಟಕವು ಕಾಸರಗೋಡಿನ ಕಡೆಯ ರಸ್ತೆಗಳನ್ನು ಮುಚ್ಚಿತು. ಕೆಲವು ರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ತಲಪಾಡಿಯಿಂದ ಆಂಬುಲೆನ್ಸ್‌ಗಳೂ ಹಿಂದಿರುಗಬೇಕಾಯಿತು. ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ಹಲವು ರೋಗಿಗಳು ಪ್ರಾಣ ಬಿಟ್ಟರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ತುರ್ತು ರೋಗಿಗಳನ್ನು ಷರತ್ತಿನ ಮೇಲೆ ಬಿಡಲು ಒಪ್ಪಿಗೆಯಾದದ್ದು ಏಪ್ರಿಲ್‌ನಲ್ಲಿ.

ಆಗ ಎದ್ದ ಪ್ರಶ್ನೆ ಈಗಲೂ ಉಳಿದಿದೆ. ಹೊರಗಿನಿಂದ ಏನೂ ಬಾರದಿದ್ದರೆ ನಮ್ಮ ಜಿಲ್ಲೆ ತನ್ನ ಕಾಲ ಮೇಲೆ ಎಷ್ಟು ದಿನ ನಿಂತೀತು? ನೀರು, ಅನ್ನ, ಆಸ್ಪತ್ರೆ, ದಾರಿ ಎಂಬ ನಾಲ್ಕು ಬಾಬುಗಳಲ್ಲಿ ಲೆಕ್ಕ ಹಾಕಿ ನೋಡೋಣ.

ನೀರು: ಮಳೆ ಧಾರಾಳ, ಬೇಸಗೆಗೆ ಬರ

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುತ್ತದೆ. ಜಿಲ್ಲೆಯಲ್ಲಿ 12 ನದಿಗಳಿವೆ. ಆದರೂ ಮಾರ್ಚ್ ಬಂತೆಂದರೆ ಟ್ಯಾಂಕರ್ ಲಾರಿಗೆ ಕಾಯುವ ಮನೆಗಳಿವೆ. ಕಾರಣ ನಮ್ಮ ನೆಲ. ಮುರಕಲ್ಲಿನ ಇಳಿಜಾರು ಗುಡ್ಡಗಳಲ್ಲಿ ಬಿದ್ದ ನೀರು ನಿಲ್ಲದೆ ಗಂಟೆಗಳಲ್ಲಿ ತೋಡು ಸೇರಿ, ಅಲ್ಲಿಂದ ಸಮುದ್ರ ಸೇರುತ್ತದೆ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮುಗಿಯುತ್ತದೆ.

ಐದು ಜನರ ಮನೆಗೆ ತಲಾ 55 ಲೀಟರ್‌ನಂತೆ ದಿನಕ್ಕೆ 275 ಲೀಟರ್ ಬೇಕು. ಫೆಬ್ರವರಿಯಿಂದ ಮೇ ತನಕ 120 ದಿನಕ್ಕೆ 33,000 ಲೀಟರ್ ಆಯಿತು. 100 ಚದರ ಮೀಟರ್ ಮಾಡಿನ ಮೇಲೆ ವರ್ಷಕ್ಕೆ ಬೀಳುವುದು 3.5 ಲಕ್ಷ ಲೀಟರ್. ಅದರ ಹತ್ತನೇ ಒಂದು ಪಾಲು ಹಿಡಿದಿಟ್ಟರೂ ಬೇಸಗೆ ದಾಟಬಹುದು. ಅಷ್ಟು ದೊಡ್ಡ ಟಾಂಕಿ ಕಟ್ಟಲಾಗದವರು ಮಾಡಿನ ನೀರನ್ನು ಸೋಸಿ ಬಾವಿಗೆ ಇಳಿಸಬಹುದು.

ನಮ್ಮ ಹಿರಿಯರಿಗೆ ಈ ವಿದ್ಯೆ ಗೊತ್ತಿತ್ತು. ಬಾಯಾರು, ಪಡ್ರೆ, ಶೇಣಿ ಕಡೆ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗಗಳು ಕರೆಂಟಿಲ್ಲದೆ, ಪಂಪಿಲ್ಲದೆ ನೀರು ಕೊಡುತ್ತವೆ. ತುರ್ತು ಕಾಲಕ್ಕೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ಗುಡ್ಡದ ಮೇಲಿನ ಮದಕ, ಮಳೆ ನಿಂತ ಮೇಲೆ ತೋಡಿಗೆ ಹಾಕುವ ಕಟ್ಟ ಇವೂ ಅದೇ ಜಾತಿಯವು. ಬೋರ್‌ವೆಲ್ ಬಂದ ಮೇಲೆ ಇವುಗಳನ್ನು ಕೇಳುವವರು ಕಡಿಮೆಯಾದರು. ಪಡ್ರೆಯ ಸ್ವರ್ಗ ತೋಡಿನಲ್ಲಿ ಊರವರೇ ಸೇರಿ ಕಟ್ಟಗಳನ್ನು ಮತ್ತೆ ಹಾಕಿದ್ದು ಉಳಿದ ಪಂಚಾಯತುಗಳಿಗೂ ಮಾದರಿ. ಆದರೆ ನೀರು ಇದ್ದರೆ ಸಾಲದು, ಶುದ್ಧವೂ ಇರಬೇಕು. ಗೇರುತೋಪುಗಳ ಮೇಲೆ 2000ದ ತನಕ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದರ ಫಲವನ್ನು ಈ ಊರುಗಳು ಇನ್ನೂ ಉಣ್ಣುತ್ತಿವೆ.

ಅನ್ನ: ತೆಂಗು ಇದೆ, ಅಕ್ಕಿ ಇಲ್ಲ

ಕೃಷಿ ಜಿಲ್ಲೆ ಎಂದ ಮಾತ್ರಕ್ಕೆ ಹೊಟ್ಟೆ ತುಂಬುತ್ತದೆ ಎಂದಲ್ಲ. ನಮ್ಮಲ್ಲಿ ಬೆಳೆಯುವುದು ಅಡಕೆ, ತೆಂಗು, ರಬ್ಬರ್, ಗೇರು. ಅಡಕೆ ಹಣ ತರುತ್ತದೆ, ಆದರೆ ಅಂಗಡಿ ಮುಚ್ಚಿದ ದಿನ ಅಡಕೆ ಬೇಯಿಸಿ ಉಣ್ಣಲಾಗದು. ಗದ್ದೆಗಳು ತೋಟವಾದವು, ಮನೆ ಅಡಿಯಾದವು. ಉಳಿದ ಬೈಲುಗಳಲ್ಲಿ ಕೆಲವು ಹಡಿಲು ಬಿದ್ದಿವೆ. ಅಕ್ಕಿ, ತರಕಾರಿ ಬಹುಪಾಲು ಗಡಿಯಾಚೆಯಿಂದ ಲಾರಿಯಲ್ಲಿ ಬರಬೇಕು.

ಐದು ಜನರ ಮನೆಗೆ ದಿನಕ್ಕೆ ಒಂದೂವರೆ ಕಿಲೋ ಅಕ್ಕಿ ಎಂದರೆ ವರ್ಷಕ್ಕೆ ಸುಮಾರು ಐದೂವರೆ ಕ್ವಿಂಟಲ್. ಎಕರೆಗೆ 10 ಕ್ವಿಂಟಲ್ ಭತ್ತ ಬಂದರೆ ಸುಮಾರು ಆರೂವರೆ ಕ್ವಿಂಟಲ್ ಅಕ್ಕಿ. ಅಂದರೆ ಒಂದು ಎಕರೆ ಗದ್ದೆ ಒಂದು ಮನೆಯನ್ನು ಸಾಕಬಲ್ಲದು. 2011ರ ಜನಗಣತಿಯಂತೆ 13 ಲಕ್ಷ ಜನ ಇರುವ, 1,990 ಚದರ ಕಿ.ಮೀ. ಆಸುಪಾಸಿನ ಈ ಜಿಲ್ಲೆ ಅಕ್ಕಿಯಲ್ಲಿ ಪೂರ್ತಿ ಸ್ವಾವಲಂಬಿಯಾಗುವುದು ಕನಸು. ಆದರೆ ಹಡಿಲು ಬಿದ್ದ ಬೈಲು ಉತ್ತರೆ ಒಂದು ಬೈಲಿನ ಹತ್ತಿಪ್ಪತ್ತು ಮನೆಗಳು ಬದುಕಬಹುದು. ಬೀಜಕ್ಕೆ ಕೊರತೆಯಿಲ್ಲ. ಬೆಳ್ಳೂರಿನ ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿ ಅವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಕಾಪಾಡಿದ್ದಾರೆ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಅಕ್ಕಿಯ ಹೊರತು ನೋಡಿದರೆ ಚಿತ್ರ ಅಷ್ಟು ಕೆಟ್ಟದಲ್ಲ. ಹಲಸು, ಗೆಣಸು, ಮರಗೆಣಸು, ಕೆಸು, ಬಾಳೆ, ತೆಂಗು, ಕರಾವಳಿಯ ಮೀನು ಎಲ್ಲವೂ ಇವೆ. ಮೇವು ಕಡಿಮೆ ಬೇಡುವ ಕಾಸರಗೋಡು ಗಿಡ್ಡ ತಳಿಯ ಹಸು ಇದೆ. ಪತ್ತನಾಜೆಯ ಮೊದಲೇ ಸೌದೆ ಒಳಗಿಟ್ಟು, ಹಪ್ಪಳ ಒಣಗಿಸಿ, ಹಲಸಿನ ಸೊಳೆ ಮತ್ತು ಮಾವಿನಕಾಯಿಯನ್ನು ಉಪ್ಪಿನಲ್ಲಿ ಹಾಕಿ, ಅಕ್ಕಿಮುಡಿ ಕಟ್ಟಿ ಅಟ್ಟಕ್ಕೇರಿಸುತ್ತಿದ್ದುದು ಆಟಿ ತಿಂಗಳನ್ನು ದಾಟುವುದಕ್ಕೆ. ಇಂದು ಸರಕಾರ ಹೇಳುವ ವಿಪತ್ತು ಸಿದ್ಧತೆಯೂ ಇದೇ ತಾನೇ?

ಆಸ್ಪತ್ರೆ: ಎಲ್ಲಕ್ಕಿಂತ ದುರ್ಬಲ ಕೊಂಡಿ

ನೀರು, ಅನ್ನಕ್ಕೆ ಮನೆಯವರು ಏನಾದರೂ ಮಾಡಿಯಾರು. ಹೃದಯಾಘಾತಕ್ಕೆ, ಡಯಾಲಿಸಿಸ್‌ಗೆ ಮನೆಮದ್ದಿಲ್ಲ. ಮಂಜೇಶ್ವರದವರಿಗೆ ಮಂಗಳೂರು ಹತ್ತಿರ. ಕಣ್ಣೂರು ಜಿಲ್ಲೆಯ ಪರಿಯಾರಂ ಸುಮಾರು 100 ಕಿ.ಮೀ. ದೂರ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸವಾದರೂ 2020ರ ಏಪ್ರಿಲ್‌ನಲ್ಲಿ ಅದರ ಕಟ್ಟಡ ಕೋವಿಡ್ ಆಸ್ಪತ್ರೆಯಾಗಿ ಬಳಕೆಗೆ ಬಂತು. 2025ರಲ್ಲಿ 50 ಎಂಬಿಬಿಎಸ್ ಸೀಟುಗಳಿಗೆ ಅನುಮತಿ ದೊರೆಯಿತು. ಸೀಟು ಬಂದರೆ ಸಾಲದು, ತಜ್ಞ ವೈದ್ಯರು ರಾತ್ರಿ ಹಗಲು ಇರುವ ವಿಭಾಗಗಳೂ ಬೇಕು. ಅದುವರೆಗೆ ಗಡಿ ಮುಚ್ಚಿದರೂ ರೋಗಿಯನ್ನು ಬಿಡುವಂತೆ ಎರಡೂ ರಾಜ್ಯಗಳ ನಡುವೆ ಮೊದಲೇ ಬರೆದಿಟ್ಟ ಒಪ್ಪಂದ ಇರಲೇಬೇಕು. ಜೀವ ಹೋದ ಮೇಲೆ ಬರುವ ಕೋರ್ಟ್ ಆದೇಶ ಯಾರಿಗೂ ಪ್ರಯೋಜನವಿಲ್ಲ.

ದಾರಿ: ಒಂದೇ ಹೆದ್ದಾರಿಯ ನಂಬಿಕೆ

ಉತ್ತರ ದಕ್ಷಿಣ ಸಂಚಾರಕ್ಕೆ ರಾಷ್ಟ್ರೀಯ ಹೆದ್ದಾರಿ 66 ಮತ್ತು ರೈಲು ದಾರಿಯೇ ಮುಖ್ಯ ಆಸರೆ. 2025ರ ಮಳೆಗಾಲದಲ್ಲಿ ಚೆರುವತ್ತೂರಿನ ವೀರಮಲೆ ಕುಸಿದಾಗ ಹೆದ್ದಾರಿಯಲ್ಲಿ ಸಂಚಾರ ನಿಂತಿತ್ತು. ಆದ್ದರಿಂದ ಒಳರಸ್ತೆಗಳ ಸೇತುವೆಗಳನ್ನೂ ಪ್ರತಿ ಮಳೆಗಾಲದ ಮೊದಲು ನೋಡಿಕೊಳ್ಳುವುದು ಅಗತ್ಯ.

ಮನೆಯಲ್ಲಿ ಮಾಡಬಹುದಾದ್ದು

* ಒಂದು ತಿಂಗಳ ಅಕ್ಕಿ, ಬೇಳೆ, ಉಪ್ಪು. ಹಳೆಯದನ್ನು ಮೊದಲು ಬಳಸಿ, ಹೊಸದನ್ನು ಹಿಂದೆ ಇಡಿ.
* ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ಎರಡು ವಾರಕ್ಕಾದರೂ ಹೆಚ್ಚುವರಿ ಇರಲಿ. ವೈದ್ಯರ ಚೀಟಿಯ ನಕಲೂ ಇರಲಿ.
* ಪಂಪಿಲ್ಲದೆ ನೀರು ಸೇದಲು ಬಾವಿಗೆ ರಾಟೆ, ಹಗ್ಗ, ಕೊಡ.
* ಟಾರ್ಚ್, ಸೌದೆ, ಬೆಂಕಿಪೊಟ್ಟಣ, ರೇಶನ್ ಕಾರ್ಡ್ ಪ್ಲಾಸ್ಟಿಕ್ ಚೀಲದಲ್ಲಿ.
* ತುರ್ತು ಕರೆಗೆ 112, ಆಂಬುಲೆನ್ಸ್‌ಗೆ 108, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077.
* ನೆರೆಯಲ್ಲಿ ಒಂಟಿಯಾಗಿರುವ ವೃದ್ಧರು ಯಾರು, ವಾಹನ ಇರುವವರು ಯಾರು ಎಂಬ ಪಟ್ಟಿ.

ನಾಲ್ಕೂ ಬಾಬುಗಳನ್ನು ಕೂಡಿಸಿದರೆ ತೀರ್ಮಾನ ಹೀಗೆ. ನೀರಿನಲ್ಲಿ ಕಾಸರಗೋಡು ಮನಸ್ಸು ಮಾಡಿದರೆ ಸ್ವಾವಲಂಬಿಯಾಗಬಹುದು. ಅನ್ನದಲ್ಲಿ ಅರ್ಧ ದಾರಿ ನಡೆಯಬಹುದು. ಒಳರಸ್ತೆಗಳನ್ನು ಸುಸ್ಥಿತಿಯಲ್ಲಿಡುವುದು ನಮ್ಮ ಪಂಚಾಯತುಗಳ, ಇಲಾಖೆಗಳ ಕೈಯಲ್ಲೇ ಇದೆ. ಚಿಕಿತ್ಸೆಯಲ್ಲಿ ಮಾತ್ರ ಇನ್ನೂ ಪರಾವಲಂಬಿ. ಮೊದಲನೆಯದಕ್ಕೆ ಈ ಮಳೆಗಾಲದಲ್ಲೇ ಕೈ ಹಾಕಬಹುದು. ಕೊನೆಯದಕ್ಕೆ ಪಕ್ಷ, ಭಾಷೆ ಮರೆತು ಒಟ್ಟಾಗಿ ಕೇಳಬೇಕು.